ಪರ್ಚೇಸ್ ಡಬಲ್ ಲೆಕ್ಕ ಆಗ್ತಿದೆ: ಪಿಕ್ಸೆಲ್ + ಕನ್ವರ್ಷನ್ಸ್ ಎಪಿಐ

ಗಿರಿ_ಕಾಫಿಪುಡಿ (ಚಿಕ್ಕಮಗಳೂರು): ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನಿನ್ನೆ ನಮ್ಮ ಅಂಗಡಿ ಸೈಟಿನ ವೂಕಾಮರ್ಸ್‌ನಲ್ಲಿ ಬಂದಿದ್ದು 9 ಆರ್ಡರ್, ಫೇಸ್‌ಬುಕ್ ಜಾಹೀರಾತಿನ ಲೆಕ್ಕ ತೋರಿಸೋ ಮೆಟಾ ಇವೆಂಟ್ಸ್ ಮ್ಯಾನೇಜರ್‌ನಲ್ಲಿ 16 ಪರ್ಚೇಸ್. ಬ್ರೌಸರ್‌ನಿಂದ ಕಳಿಸೋ ಪಿಕ್ಸೆಲ್ ಕೋಡ್ ಜೊತೆಗೆ ಸರ್ವರ್ ಕಡೆಯಿಂದಲೂ (ಕನ್ವರ್ಷನ್ಸ್ ಎಪಿಐ) ಪರ್ಚೇಸ್ ಸುದ್ದಿ ಕಳಿಸೋಕೆ ಶುರು ಮಾಡಿದ ಮೇಲೇ ಹೀಗೆ. ಎಲ್ಲ ಸರಿಯಾಗೇ ಹಾಕಿದೀನಿ. ಯಾರಾದ್ರೂ ದಾರಿ ಹೇಳಿ.

ಮೂಡಿಗೆರೆ_ಮೆಣಸು: ಮೆಟಾಗೆ ಕಳಿಸೋ ಫೋನ್ ನಂಬರಿನ ಹ್ಯಾಶ್ (ಗುರುತು ಸಿಗದ ಹಾಗೆ ಬದಲಿಸಿದ ಕೋಡ್) ನೋಡಿ ಸರ್. ಮುಂದಿನ ಸೊನ್ನೆ, ಪ್ಲಸ್, ಸ್ಪೇಸ್ ತೆಗೆದು 91 ಸೇರಿಸಿ, 12 ಅಂಕಿ ಆದ್ಮೇಲೆ ಎಸ್‌ಎಚ್‌ಎ-256 ವಿಧಾನದಲ್ಲಿ ಹ್ಯಾಶ್ ಮಾಡಿ. ಇಮೇಲ್ ಪೂರ್ತಿ ಸಣ್ಣಕ್ಷರ. ನೂರಕ್ಕೆ ನೂರು ಇದೇ.

ಗಿರಿ_ಕಾಫಿಪುಡಿ: ಮಾಡಿದೆ. ಇವತ್ತೂ ಡಬಲ್ಲೇ.

ಮೂಡಿಗೆರೆ_ಮೆಣಸು: ಹಾಗಾದ್ರೆ ಐಪಿ, ಯೂಸರ್ ಏಜೆಂಟನ್ನೂ (ಗಿರಾಕಿಯ ಬ್ರೌಸರ್ ಯಾವುದು ಅನ್ನೋ ವಿವರ) ಹ್ಯಾಶ್ ಮಾಡಿರ್ತೀರಿ. ಅವೆರಡನ್ನ ಇದ್ದ ಹಾಗೇ ಕಳಿಸಬೇಕು.

ಹಾಸನ_ಟ್ಯಾಗ್: ಹ್ಯಾಶ್ ಬಿಡಿ ಮಾರಾಯ್ರೇ. ಅದು ಕೆಟ್ಟರೆ ಮ್ಯಾಚ್ ಕ್ವಾಲಿಟಿ (ಗಿರಾಕಿ ಯಾರು ಅಂತ ಮೆಟಾ ಗುರುತಿಸೋ ಮಟ್ಟ) ಇಳಿಯುತ್ತೆ, ಲೆಕ್ಕ ಡಬಲ್ ಆಗಲ್ಲ. ಗಿರಿ ಅವರೇ, ಸರ್ವರ್ ಇವೆಂಟ್ ಎಲ್ಲಿಂದ ಹೋಗ್ತಿದೆ? ಯುಪಿಐ ಆ್ಯಪಲ್ಲಿ ದುಡ್ಡು ಕಟ್ಟಿ, ಪಿಕ್ಸೆಲ್ ಇರೋ ಥ್ಯಾಂಕ್ಯೂ ಪೇಜಿಗೆ ವಾಪಸ್ ಬಾರದೋರು ಎಷ್ಟು ಜನ?

ಗಿರಿ_ಕಾಫಿಪುಡಿ: ಪೇಮೆಂಟ್ ಗೇಟ್‌ವೇ ವೆಬ್‌ಹುಕ್‌ನಿಂದ (ದುಡ್ಡು ಬಂತು ಅಂತ ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗೇ ಕಳಿಸೋ ಸುದ್ದಿ). ನಿನ್ನೆ ಇಬ್ಬರು ಬಂದಿಲ್ಲ. ಎರಡೂ ಒಂದೇ ಪರ್ಚೇಸ್ ಅಂತ ಮೆಟಾಗೆ ಗೊತ್ತಾಗೋಕೆ ಹಾಕೋ ಇವೆಂಟ್ ಐಡಿ, ಪಿಕ್ಸೆಲ್, ಸರ್ವರ್ ಎರಡೂ ಕಡೆ ಆರ್ಡರ್ ನಂಬರೇ, 1187 ಅಂದ್ರೆ 1187.

ಸಕಲೇಶಪುರ_ಏಲಕ್ಕಿ: ಪ್ಲಗಿನ್ ಕಿತ್ತುಹಾಕಿ ಜಿಟಿಎಂ (ಗೂಗಲ್ ಟ್ಯಾಗ್ ಮ್ಯಾನೇಜರ್) ಸರ್ವರ್ ಕಂಟೇನರ್‌ಗೆ ಬನ್ನಿ. ನಮ್ಮದು ಗೂಗಲ್‌ನ ಕ್ಲೌಡ್ ರನ್, ಮುಂಬೈ ರೀಜನ್, 3 ಇನ್‌ಸ್ಟೆನ್ಸ್ (ಒಟ್ಟಿಗೆ ಓಡೋ ಸರ್ವರ್ ಪ್ರತಿಗಳು), ಸ್ವಂತ ಸಬ್‌ಡೊಮೇನ್. ಕುಕೀ ಸಫಾರಿಯಲ್ಲೂ 7 ದಿನಕ್ಕೆ ಅಳಿಸಲ್ಲ.

ಮೂಡಿಗೆರೆ_ಮೆಣಸು: ಸಬ್‌ಡೊಮೇನ್ ಐಪಿ ಸೈಟಿನ ಐಪಿಗೆ ಹೊಂದದೇ ಇದ್ರೆ ಅಲ್ಲೂ 7 ದಿನವೇ. ಅದೂ ಅಲ್ದೆ 9 ಆರ್ಡರ್‌ಗೆ 3 ಇನ್‌ಸ್ಟೆನ್ಸ್ ಬಾಡಿಗೆ ಯಾಕೆ?

ಸಕಲೇಶಪುರ_ಏಲಕ್ಕಿ: ಒಂದು ಬಿದ್ರೆ ಇನ್ನೊಂದು ಇರಬೇಕು ಅಂತ.

ಹಾಸನ_ಟ್ಯಾಗ್: ಸರ್ವರ್‌ನಿಂದ 9. ಬ್ರೌಸರ್‌ನಿಂದ, ವಾಪಸ್ ಬಾರದ 2 ಬಿಟ್ಟು, 7. ಸೇರಿ 16. ಅಂದ್ರೆ ಒಂದೂ ಡಿಡ್ಯೂಪ್ (ಜೋಡಿಯಲ್ಲಿ ಒಂದನ್ನ ಮೆಟಾ ಕೈಬಿಡೋದು) ಆಗ್ತಿಲ್ಲ. ಪಿಕ್ಸೆಲ್ ಕೋಡಲ್ಲಿ ಐಡಿ ಎಲ್ಲಿ ಬರೆದಿದೀರಿ? ವ್ಯಾಲ್ಯೂ, ಕರೆನ್ಸಿ ಇರೋ ಬ್ರಾಕೆಟ್ ಒಳಗಾ?

ಗಿರಿ_ಕಾಫಿಪುಡಿ: ಹೌದು, ಐಎನ್‌ಆರ್ ಪಕ್ಕದಲ್ಲೇ.

ಹಾಸನ_ಟ್ಯಾಗ್: ಅಲ್ಲೇ ತಪ್ಪಿರೋದು. ಆ ಬ್ರಾಕೆಟ್ ಒಳಗಿದ್ರೆ ಅದು ಬರೀ ಕಸ್ಟಮ್ ಡೇಟಾ, ಐಡಿ ಅಂತ ಮೆಟಾ ಓದೋದೇ ಇಲ್ಲ. ಆ ಬ್ರಾಕೆಟ್ ಮುಚ್ಚಿ, ಕಾಮಾ ಹಾಕಿ, ಇನ್ನೊಂದು ಬ್ರಾಕೆಟ್ ತೆರೆದು ಅದರಲ್ಲಿ ಐಡಿ ಒಂದೇ ಬರೆಯಿರಿ. ಪಿಕ್ಸೆಲ್‌ನಲ್ಲಿ ಹೆಸರು ‘ಇವೆಂಟ್‌ಐಡಿ’: ಅಂಡರ್‌ಸ್ಕೋರ್ ಇಲ್ಲ, ಐ-ಡಿ ದೊಡ್ಡಕ್ಷರ. ಸರ್ವರ್‌ನಲ್ಲಿ ಪೂರ್ತಿ ಸಣ್ಣಕ್ಷರ, ನಡುವೆ ಅಂಡರ್‌ಸ್ಕೋರ್. ಪರ್ಚೇಸ್ ಸ್ಪೆಲಿಂಗ್‌ನ ಮೊದಲ ಅಕ್ಷರ ಎರಡೂ ಕಡೆ ದೊಡ್ಡದಿರಲಿ. ಎರಡೂ ಇವೆಂಟ್ 48 ಗಂಟೆ ಒಳಗೆ ತಲುಪಬೇಕು.

ಇನ್ನೊಂದು. ವೆಬ್‌ಹುಕ್‌ನಲ್ಲಿ ಬರೋ ಐಪಿ, ಯೂಸರ್ ಏಜೆಂಟ್ ಗೇಟ್‌ವೇದು, ಗಿರಾಕಿದಲ್ಲ. ಚೆಕ್‌ಔಟ್ ಹೊತ್ತಲ್ಲೇ ಐಪಿ, ಏಜೆಂಟ್, ಪಿಕ್ಸೆಲ್‌ನ ಎಫ್‌ಬಿಪಿ, ಎಫ್‌ಬಿಸಿ ಕುಕೀ ನಾಲ್ಕನ್ನೂ ಆರ್ಡರ್ ಮೆಟಾದಲ್ಲಿ (ವೂಕಾಮರ್ಸ್ ಆರ್ಡರ್ ಜೊತೆ ಇಡೋ ಹೆಚ್ಚುವರಿ ಮಾಹಿತಿ) ಉಳಿಸಿಕೊಂಡು ಅವನ್ನೇ ಕಳಿಸಿ. ಇವೆಂಟ್ ಟೈಮ್ ಸೆಕೆಂಡಲ್ಲಿ, ಮಿಲಿಸೆಕೆಂಡಲ್ಲಿ ಅಲ್ಲ.

ಗಿರಿ_ಕಾಫಿಪುಡಿ: ಮೆಟಾದ ಟೆಸ್ಟ್ ಇವೆಂಟ್ಸ್‌ನಲ್ಲಿ ಆರ್ಡರ್ 1203 ನೋಡಿದೆ: ಬ್ರೌಸರ್ ಸಾಲು ‘ಪ್ರೊಸೆಸ್ಡ್’, ಸರ್ವರ್ ಸಾಲು ‘ಡಿಡ್ಯೂಪ್ಲಿಕೇಟೆಡ್’! ತುಂಬಾ ಉಪಕಾರ ಆಯ್ತು ಸರ್.

ಹಾಸನ_ಟ್ಯಾಗ್: ಟೆಸ್ಟ್ ಕೋಡ್ ತೆಗೆದುಬಿಡಿ, ಲೈವ್‌ನಲ್ಲಿ ಉಳೀಬಾರದು.

ಗಿರಿ_ಕಾಫಿಪುಡಿ: ತೆಗೆದೆ. ಮುಂದಿನ ವಾರ ಸಿಒಡಿ (ಕ್ಯಾಶ್ ಆನ್ ಡೆಲಿವರಿ) ಶುರು. ಪಾರ್ಸೆಲ್ ವಾಪಸ್ ಬಂದ್ರೆ ಆ ಪರ್ಚೇಸ್ ಏನು ಮಾಡ್ತೀರಿ ನೀವೆಲ್ಲ?