ಸಹಾಯ ಬೇಕು: ಹಿರಿಯರ ಮೆದುಳಿನ ಎಂಆರ್‌ಐ ಡೈಕಾಮ್ ಫೈಲ್‌ಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಎಂಆರ್‌ಐ ತಂತ್ರಜ್ಞರು, ರೇಡಿಯಾಲಜಿಸ್ಟರಲ್ಲಿ ವಿನಂತಿ. 60 ದಾಟಿದವರಲ್ಲಿ ಮರೆವು ಮುಂದೆ ಹೆಚ್ಚುವ ಸಾಧ್ಯತೆಯನ್ನು ಹಿಪೊಕ್ಯಾಂಪಸ್ (ಮೆದುಳಿನಲ್ಲಿ ನೆನಪಿಗೆ ಮುಖ್ಯವಾದ ಭಾಗ) ಗಾತ್ರದಿಂದ ಅಂದಾಜಿಸಲು, ಒಬ್ಬರದೇ, ಒಂದೇ ಯಂತ್ರದಲ್ಲಿ ಒಂದೂವರೆ ವರ್ಷಕ್ಕಿಂತ ಹೆಚ್ಚು ಅಂತರದಲ್ಲಿ ತೆಗೆದ ಎರಡು ಸ್ಕ್ಯಾನ್‌ಗಳು ಬೇಕು. ಫಿಲ್ಮ್ ಅಥವಾ ಮೊಬೈಲ್ ಫೋಟೊ ಉಪಯೋಗಕ್ಕೆ ಬಾರದು, ಡೈಕಾಮ್ ಫೈಲ್‌ಗಳಿರುವ (ಸ್ಕ್ಯಾನ್ ಯಂತ್ರದ ಮೂಲ ಡಿಜಿಟಲ್ ಚಿತ್ರಗಳು) ಸಿಡಿಯೇ ಬೇಕು.

ನಿಜವಾದ ತೊಡಕು ಸ್ಲೈಸಿನ, ಅಂದರೆ ಚಿತ್ರದ ಒಂದೊಂದು ಪದರದ, ದಪ್ಪದ್ದು. ಮಾಮೂಲಿ ಸ್ಕ್ಯಾನಿನ 5 ಮಿ.ಮೀ. ಸ್ಲೈಸ್ ಗಡ್ಡೆ, ಪಾರ್ಶ್ವವಾಯು ನೋಡಲು ಸಾಕು. ಗಾತ್ರ ಅಳೆಯಲು ಸಾಲದು. ಆರೋಗ್ಯವಂತ ಹಿರಿಯರ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ. 1.5ರಷ್ಟು ಕುಗ್ಗಿದರೆ, ಅಲ್ಝೈಮರ್ ಇದ್ದವರಲ್ಲಿ ಶೇ. 4ರಿಂದ 5ರಷ್ಟು. ಇಷ್ಟು ಸಣ್ಣ ವ್ಯತ್ಯಾಸ ದಪ್ಪ ಸ್ಲೈಸಿನಲ್ಲಿ ಕಳೆದೇ ಹೋಗುತ್ತದೆ. ಹಾಗಾಗಿ 1 ಮಿ.ಮೀ. ವೋಕ್ಸೆಲ್‌ನ (ಚಿತ್ರದ ಅತಿ ಚಿಕ್ಕ ಘನ ಚುಕ್ಕಿ) 3ಡಿ ಟಿ1, ಅಂದರೆ ಮೆದುಳಿನ ರಚನೆ ಸ್ಪಷ್ಟವಾಗಿ ತೋರಿಸುವ ಸ್ಕ್ಯಾನ್, ಇರಲೇಬೇಕು. ಹೊಸದಾಗಿ ತೆಗೆಯುವುದಾದರೆ ಸುಮಾರು 5 ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ತಲೆಯ ಎರಡೂ ಬದಿ ಸ್ಪಂಜು ಇಡಿ: ಅಲುಗಾಡಿದರೆ ಕಾರ್ಟೆಕ್ಸ್ (ಮೆದುಳಿನ ಹೊರಪದರ) ಇರುವುದಕ್ಕಿಂತ ತೆಳುವೆಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಜೊತೆಗೆ ಫ್ಲೇರ್ (ಬಿಳಿ ದ್ರವ್ಯದ ಕಲೆಗಳನ್ನು ಎದ್ದು ತೋರಿಸುವ ಎಂಆರ್‌ಐ ಚಿತ್ರ) ಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಬಿಳಿ ದ್ರವ್ಯದ (ಮೆದುಳಿನೊಳಗಿನ ನರತಂತುಗಳ ಭಾಗ) ಕಲೆಗಳೂ ಮರೆವಿಗೆ ಕಾರಣವಾಗಬಹುದು. ಬಿ12, ಥೈರಾಯ್ಡ್ ಕೊರತೆಯಿಂದಲೂ ಮರೆವು ಬರಬಹುದು, ಅವುಗಳ ವರದಿ ಇದ್ದರೆ ಕಳಿಸಿ.

ಇನ್ನೊಂದು ನೆರವು. ಓದು-ಬರಹ ಬಾರದ ಅಜ್ಜಿಯರಿಗೆ ಎಂಎಂಎಸ್‌ಇ (ಓದು-ಬರಹವನ್ನೂ ಕೇಳುವ, 30 ಅಂಕದ ನೆನಪು-ಬುದ್ಧಿಶಕ್ತಿ ಪರೀಕ್ಷೆ) ಕೊಟ್ಟರೆ ಮೆದುಳು ಚೆನ್ನಾಗಿದ್ದರೂ ಅಂಕ ಇಳಿಯುತ್ತದೆ, ಅದು ಅವರಿಗೆ ಅನ್ಯಾಯ. ಧಾರವಾಡ ಕಡೆಯ ಮಾತಿನಲ್ಲಿ ನೆನಪಿನ ಪರೀಕ್ಷೆ ನಡೆಸಿ ರೂಢಿಯಿರುವವರು ದಯವಿಟ್ಟು ತಿಳಿಸಿ.

ಕಳಿಸುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ, ಡೈಕಾಮ್ ಹೆಡರ್‌ನಿಂದ (ಫೈಲಿನೊಳಗಿನ ರೋಗಿಯ ವಿವರದ ಭಾಗ) ಹೆಸರು, ಜನ್ಮದಿನಾಂಕ ತೆಗೆಯಿರಿ. 3ಡಿ ಚಿತ್ರದಿಂದ ಮುಖವನ್ನೂ ಮರುರೂಪಿಸಬಹುದು, ಆದ್ದರಿಂದ ಮುಖದ ಭಾಗ ಅಳಿಸಿಯೇ ಕಳಿಸಿ. ಇಲ್ಲಿ ಗುಂಪಿನಲ್ಲಿ ಹಾಕಬೇಡಿ.