ಕುದುರಿಗೆ ಕರಡದ ಬದಲಿ ಕಣಿಕಿ, ಭತ್ತದ ಹುಲ್ಲು ಹಾಕಿದ್ರ ನಡೀತೈತೇನ್ರಿ?

ಲಕ್ಷ್ಮೇಶ್ವರದ_ಸವಾರ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ ಎರಡು ಹೆಣ್ಗುದುರಿ ಅದಾವ. ಮದವಿ ಮೆರವಣಿಗಿಗೆ, ಜಾತ್ರಿಗೆ ಕಳಸ್ತೀವಿ. ಹರೇದ್ದು ಗಬ್ಬ ಐತಿ, ಎಂಟು ತಿಂಗಳ ಆತು. ಇನ್ನೊಂದು ಮುದಕಿ, ಅಪ್ಪ ಟಾಂಗಾ ಕಟ್ಟತಿದ್ದದ್ದು.

ಇಷ್ಟ ದಿನ ಕಲಘಟಗಿ ಕಡಿಂದ ಕರಡ, ಅಂದ್ರ ಒಣಗಿದ ಅಡವಿ ಹುಲ್ಲು, ತರಸ್ತಿದ್ವಿ. ಈ ಸಲ ಅವರು ಹೇಳೂ ರೇಟ್ ಕೇಳಿದ್ರ ಕುದುರಿಗೆ ದಿನಾ ಗೋದಿ ಹುಗ್ಗಿ ಮಾಡಿ ಹಾಕೂದ ಸೋವಿ ಅನಸ್ತೈತಿ. ಬಾಜೂ ಹೊಲದವ್ರ ಬಣವ್ಯಾಗ ಹಿಂಗಾರಿ ಜ್ವಾಳದ ಕಣಿಕಿ ಭರಪೂರ ಐತಿ. ಹಾನಗಲ್ಲದಾಗಿನ ಬೀಗರು ಭತ್ತದ ಹುಲ್ಲು ಒಂದು ಟ್ರ್ಯಾಕ್ಟರ್ ಕಳಸ್ತೇವಿ ಅಂತಾರ. ಎತ್ತು, ಎಮ್ಮಿ ಇದನ್ನ ತಿಂದ ಇರ್ತಾವಲ್ಲ, ಕುದುರಿಗ್ಯಾಕ ಆಗಬಾರ್ದು?

ಸ್ವಲ್ಪ ಕಣಿಕಿ ಹಾಕಿ ನೋಡೇವಿ. ಹರೇದ್ದು ರವದಿ (ಒಣ ಎಲಿ) ಅಷ್ಟ ಆರಿಸಿ ತಿಂದು ದಂಟು ಬಿಡತು. ಮುದಕಿ ಮಾತ್ರ ಜಗದು ಜಗದು ಹಸೀ ಉಂಡಿ ಮಾಡಿ ಗ್ವಾದ್ಲಿ ಮುಂದ ಉಗಳತೈತಿ. ರುಚಿ ಹತ್ತಿಲ್ಲೋ ಏನೋ. ಬೂಸಾ ದಿನಾ ಧಾರಾಳ ಹಾಕ್ತೀವಿ, ಹುಳ್ಳಿ ಕುದಿಸಿ ಹಾಕ್ತೀವಿ.

ಹಾನಗಲ್_ಗದ್ದೆ:

ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ ಮಾಡ್ರಿ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ನೀರಾಗ ಕರಗಿಸಿ ಚಿಮುಕಿಸಿ, ತಾಡಪತ್ರಿ ಮುಚ್ಚಿ ಮೂರು ವಾರ ಇಡೂದು. ನಮ್ಮ ಎಮ್ಮಿ ಮುಸುರಿಗಿಂತ ಮೊದಲ ಅದಕ್ಕ ಬಾಯಿ ಹಾಕ್ತಾವ.

ದನದ_ಡಾಕ್ಟರ್_ಧಾರವಾಡ:

ಗದ್ದೆಯವರ, ಎಮ್ಮಿಗೆ ನೀವು ಹೇಳಿದ್ದು ಬರೋಬ್ಬರಿ. ಆದ್ರ ಆ ಹುಲ್ಲು ಕುದುರಿ ಹತ್ರ ಒಯ್ಯಬ್ಯಾಡ್ರಿ. ಎಮ್ಮಿಯ ಮೊದಲನೇ ಹೊಟ್ಟ್ಯಾಗಿನ ಸೂಕ್ಷ್ಮಜೀವಿಗಳು ಯೂರಿಯಾ ತಗೊಂಡು ಪ್ರೋಟೀನ್ ಮಾಡ್ತಾವ, ಕುದುರಿಗೆ ಆ ಹೊಟ್ಟಿನ ಇಲ್ಲ. ಅದರ ನಾರು ಕರಗೂದು ಕಟ್ಟಕಡಿಗೆ, ದೊಡ್ಡ ಕರುಳಿನೊಳಗ. ಮೆಲಕನೂ ಹಾಕೂದಿಲ್ಲ. ಒಮ್ಮೆ ಹಲ್ಲಿನಾಗ ಎಷ್ಟು ಅರದೀತೋ ಅಷ್ಟ.

ಅದಕ್ಕ ಸವಾರರ, ನಿಮ್ಮ ಮುದಕಿ ಉಂಡಿ ಉಗಳೂದು ರುಚಿ ಸಂಬಂಧ ಅಲ್ಲ, ಹಲ್ಲಿನ ಸಂಬಂಧ. ವಯಸ್ಸಾದಂಗ ದವಡಿ ಹಲ್ಲು ವಾರಿ ಸವದು, ಅಂಚು ಬ್ಲೇಡಿನಂಗ ಆಗಿ, ಗಲ್ಲ ನಾಲಿಗಿ ಕೊಯ್ತಾವ. ಡಾಕ್ಟರ್ ಕರಸಿ ಬಾಯಿ ತೆಗಸಿ ನೋಡ್ರಿ, ಕಾನಸು (ಅರ) ಹಾಕಿ ತಿಕ್ಕಿ ಸಮ ಮಾಡ್ತಾರ. ಗದಗಿನಾಗ ಪಶುವೈದ್ಯಕೀಯ ಕಾಲೇಜ ಐತಿ, ನಿಮಗ ದೂರ ಅಲ್ಲ. ಅಲ್ಲೀತನಕ ಆಕಿಗೆ ಕಣಿಕಿ ಬಂದ್. ಅರೆ ಜಗದ ದಂಟು ಕರುಳಿನಾಗ ಹೋಗಿ ಕಟ್ಟಿಕೊಂಡ್ರ ಹೊಟ್ಟಿಶೂಲಿ ಬರ್ತೈತಿ. ಕುದುರಿಗೆ ವಾಂತಿ ಮಾಡಾಕ ಬರೂದಿಲ್ಲ ಅನ್ನೂದು ನೆನಪಿರ್ಲಿ.

ಹರೇದಕ್ಕ ಕಣಿಕಿ ನಡೀತೈತಿ, ಪೂರ್ತಿ ಅಲ್ಲ. ಒಟ್ಟು ಒಣ ಮೇವಿನಾಗ ಅರ್ಧ ದಾಟಬಾರ್ದು. ಎಷ್ಟಂತ ತಿಳೀಬೇಕಂದ್ರ ತೂಕ ಬೇಕು. ಸಿಂಪಿಗ್ಯಾರ ಟೇಪ್ ತಗೊಂಡು ಮುಂಗಾಲಿನ ಹಿಂದ ಎದಿ ಸುತ್ತಳತಿ, ಆಮೇಲೆ ಭುಜದ ತುದಿಯಿಂದ ಹಿಂಭಾಗದ ತುದಿತನಕ ಉದ್ದ ಸೆಂಟಿಮೀಟರ್‌ನಾಗ ಅಳೀರಿ. ಸುತ್ತಳತಿ ಗುಣಿಲೆ ಸುತ್ತಳತಿ ಗುಣಿಲೆ ಉದ್ದ, ಭಾಗಿಲೆ 11880. ಸುತ್ತಳತಿ 150, ಉದ್ದ 140 ಇದ್ರ ಸುಮಾರು 265 ಕೆಜಿ. ದಿನದ ಒಣ ಮೇವು ತೂಕದ ನೂರಕ್ಕ ಎರಡರಷ್ಟು ಅಂತ ಹಿಡೀರಿ, ಅಂದ್ರ 5-6 ಕೆಜಿ. ಅದರಾಗ ಕಣಿಕಿ ಬಹಳಂದ್ರ 2.5 ಕೆಜಿ. ಗಬ್ಬದ ಕಡೀ ಮೂರು ತಿಂಗಳು ಮರಿ ಜೋರ ಬೆಳೀತೈತಿ. ಈಗ ಎಂಟಂದ್ರ ಆ ಟೈಮ್ ಬಂತು, ಈಕಿಗೆ ನಾನಾಗಿದ್ರ ಇನ್ನೂ ಕಡಿಮಿ ಹಾಕ್ತಿದ್ದೆ. ಬರೇ ಕಣಿಕಿ ಮ್ಯಾಲೆ ಬಿಟ್ರ ಹೊಟ್ಟಿ ಗುಡಾಣ ಆಗ್ತೈತಿ, ಬೆನ್ನೆಲುಬು ಕಾಣ್ತೈತಿ, ಒಳಗ ಹುಣ್ಣೂ ಆಗಬಹುದು. ಬದಲಾವಣಿ ಎರಡು ವಾರದಾಗ ಹಗೂರಕ ಮಾಡ್ರಿ.

ಹಿಂಗಾರಿ ಜ್ವಾಳ ಚೆನ್ನಾಗಿ ಬಲತು ಒಣಗಿದ್ದು ತೊಂದ್ರಿಲ್ಲ. ಹಸೀ ಚಿಗುರು, ಕೊಯ್ದ ಮ್ಯಾಲೆ ಕೂಳಿಯಿಂದ ಬಂದ ಮರಿ, ಮಳಿ ಇಲ್ದ ಸೊರಗಿದ್ದು, ಇವುಗಳಾಗ ಸಯನೈಡ್ ವಿಷ ಇರ್ತೈತಿ. ಹಸೀ ಜ್ವಾಳ ದಿನಾ ಮೇಯಿಸಿದ್ರ ಕುದುರಿಗೆ ಇನ್ನೊಂದು ಕಾಡತೈತಿ. ಉಚ್ಚಿ ತಡೀದಂಗಾಗಿ ಹನಿ ಹನಿ ಸೋರ್ತೈತಿ, ಹಿಂಗಾಲು ತೂರಾಡ್ತಾವ. ಬಂದ ಮ್ಯಾಲೆ ಸರಿ ಹೋಗೂದು ಕಷ್ಟ.

ಭತ್ತದ ಹುಲ್ಲು ಹಾಸಾಕ ಚಲೋ, ತಿನ್ನಾಕ ಕಡಿಮಿ. ಪ್ರೋಟೀನ್ ನೂರಕ್ಕ ಮೂರ-ನಾಕರಷ್ಟು. ಅದರಾಗಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡದಿಟ್ಟುಕೊಳ್ತೈತಿ. ಮ್ಯಾಲೆ ನೀವು ಹಾಕೂ ಬೂಸಾದಾಗ ರಂಜಕ ಬಹಳ, ಕ್ಯಾಲ್ಸಿಯಂ ಅತೀ ಕಡಿಮಿ. ಎರಡೂ ಕೂಡಿದ್ರ ಮೈ ಎಲುಬಿನಾಗಿನ ಕ್ಯಾಲ್ಸಿಯಂ ತೆಗೀತೈತಿ. ಮಾರಿ ಎಲುಬು ಉಬ್ಬಿದ ಕುದುರಿ ನಾನು ನೋಡೇನಿ, ಮಾಲಕರು ‘ಬೂಸಾ ತಿಂದು ಗಲ್ಲ ತುಂಬ್ಯಾವ್ರಿ’ ಅಂತ ಖುಷಿಯಾಗಿದ್ರು. ಬೂಸಾ ಇಳಸ್ರಿ. ಶೇಂಗಾ ಬಳ್ಳಿ ಸಿಕ್ರ ದಿನಾ ಒಂದೊಂದು ಕೆಜಿ ಸೇರಸ್ರಿ, ಪ್ರೋಟೀನೂ ಕ್ಯಾಲ್ಸಿಯಮ್ಮೂ ಅದರಾಗ ಐತಿ. ಬೇರಿನ ಮಣ್ಣು ಮಾತ್ರ ಬಡದು ಝಾಡಿಸಿ ಹಾಕ್ರಿ, ಇಲ್ಲಾಂದ್ರ ಉಸುಕು ಕರುಳಿನಾಗ ಕೂಡ್ತೈತಿ.

ಹಳೇಹುಬ್ಬಳ್ಳಿ_ಟಾಂಗಾ:

ಡಾಕ್ಟರ್ ಸಾಹೇಬ್ರು ನೀರಿನ ಮಾತ ಬಿಟ್ರಲ್ಲ! ಒಣ ಮೇವಂದ್ರ ಮೊದಲ ನೀರು. ಬ್ಯಾಸಗ್ಯಾಗ ನಮ್ಮ ಕುದುರಿ ಎರಡು ಕೊಡ ಕುಡದು ಮೂರನೇದಕ್ಕ ಮೂತಿ ಹಾಕತೈತಿ. ಗ್ವಾದ್ಲ್ಯಾಗ ಉಪ್ಪಿನ ಹರಳು ಇಡ್ರಿ, ನೆಕ್ಕಿ ನೆಕ್ಕಿ ಕುಡೀತಾವ. ದಿನಾ ಮುಂಜಾನೆ ಲದ್ದಿ ಒಡದು ನೋಡ್ರಿ. ಉಂಡಿ ಗಟ್ಟಿಯಾಗಿ, ಸಣ್ಣಾಗಿ, ಮ್ಯಾಲೆ ಲೋಳಿ ಕಂಡ್ರ ಅವತ್ತ ಕಣಿಕಿ ಬಂದ್. ದಂಟು ಬೆರಳುದ್ದ ಕತ್ತರಿಸ್ರಿ, ಹಿಟ್ಟು ಮಾಡಬ್ಯಾಡ್ರಿ.

ಇನ್ನೊಂದು. ಹಾವೇರಿ ಕಡಿಂದ ಗೋವಿನಜ್ವಾಳದ ದಂಟು ಪುಕ್ಕಟ ಸಿಗ್ತೈತಂತ ತರಬ್ಯಾಡ್ರಿ. ಮಳ್ಯಾಗ ನೆನದು ತೆನಿಗೆ ಬೂಷ್ಟು ಹಿಡದಿರ್ತೈತಿ.

ದನದ_ಡಾಕ್ಟರ್_ಧಾರವಾಡ:

ಟಾಂಗಾದವರು ಹೇಳಿದ್ದು ಖರೆ. ಆ ಬೂಷ್ಟಿನ ವಿಷ ಕುದುರಿ ಮಿದುಳನ್ನ ಕರಗಸ್ತೈತಿ, ಮದ್ದಿಲ್ಲ. ದನ ತಡ್ಕೋತಾವ, ಕುದುರಿ ತಡ್ಕೊಳ್ಳೂದಿಲ್ಲ.

ಲಕ್ಷ್ಮೇಶ್ವರದ_ಸವಾರ:

ಎಲ್ಲಾರಿಗೂ ಉಪಕಾರ ಆತ್ರಿ. ಬೀಗರಿಗೆ ಹುಲ್ಲು ಬ್ಯಾಡ ಅಂದ್ರ ಸಿಟ್ಟಾಗ್ತಾರ, ಹಾಸಾಕ ತರಸ್ಕೋತೇನಿ. ಮುದಕಿ ಹಲ್ಲು ತೋರಸೂತನಕ ಕರಕಿ ಕೊಯ್ದು ಹಾಕ್ತೇನಿ. ಶಿರಹಟ್ಟಿ, ಮುಂಡರಗಿ ಕಡೆ ಯಾರ ಹತ್ರರ ಬೂಷ್ಟು ಹಿಡೀದ ಶೇಂಗಾ ಬಳ್ಳಿ ಇದ್ರ ಇಲ್ಲೇ ಹೇಳ್ರಿ, ಗಾಡಿ ನಾನ ತರ್ತೇನಿ.