ಬೂದಿ ಟಿಪ್ಪರ್‌ಗಳ ಧೂಳು: ಮನವಿಯಲ್ಲಿ ಏನು ಬರೆಯೋಣ?

2ನೇ ಅಡ್ಡರಸ್ತೆ: ಎಲ್ಲರಿಗೂ ನಮಸ್ಕಾರ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆಯಿಂದ ಬರುವ ಟಿಪ್ಪರ್‌ಗಳಿಂದ ಉದುರುವ ಬೂದಿ ಈ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯವರೆಗೂ ಬರುತ್ತಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ಎರಡು ಸಲ ಚೆಲ್ಲಿದೆ. ಉಬ್ಬಸವಿರುವ ನಮ್ಮ ಮಾವನವರು ಸಂಜೆ ಕಟ್ಟೆಗೆ ಬಂದು ಕೂರುವುದನ್ನೇ ಬಿಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಗುಡಿಯ ಹತ್ತಿರ ಸೇರಿ, ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಗೆ ಸಹಿ ಹಾಕೋಣ.

ಮುಖ್ಯರಸ್ತೆ, ಮೂಲೆಮನೆ: ಸ್ಥಾವರವನ್ನೇ ಮುಚ್ಚಬೇಕೆಂದು ಬರೆಯಿರಿ.

4ನೇ ಅಡ್ಡರಸ್ತೆ: ದಯವಿಟ್ಟು ಹಾಗೆ ಬರೆಯುವುದು ಬೇಡ. ಬಾಯ್ಲರ್ ಕೆಲಸದಲ್ಲಿ ಆಯುಷ್ಯ ಕಳೆದವನಾಗಿ ಹೇಳುತ್ತಿದ್ದೇನೆ. ಶರಾವತಿಯ ನೀರನ್ನೇ ನೆಚ್ಚಿಕೊಂಡಿದ್ದ ರಾಜ್ಯಕ್ಕೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಆಸರೆಯಾಗಲೆಂದೇ ಕೃಷ್ಣೆಯ ದಡದಲ್ಲಿ ಈ ಕೇಂದ್ರವನ್ನು ಕಟ್ಟಿದರು. 1985ರಲ್ಲಿ ಮೊದಲ ಘಟಕ ಆರಂಭವಾಯಿತು, 2010ರ ಹೊತ್ತಿಗೆ ಎಂಟು ಘಟಕಗಳು ಸೇರಿ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್ ಆಯಿತು. ಪಾವಗಡದ ಸೌರವಿದ್ಯುತ್ತು ಹಗಲಿನದು. ಹೊತ್ತು ಮುಳುಗಿ ಎಲ್ಲರ ಮನೆಯ ದೀಪ ಹತ್ತಿದ ಮೇಲೆ ನೀರು ಮತ್ತು ಕಲ್ಲಿದ್ದಲೇ ಭಾರ ಹೊರಬೇಕು.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಹೊಗೆಯೊಡನೆ ಹೋಗುವ ನುಣುಪಾದ ಹಾರುಬೂದಿಯನ್ನು ವಿದ್ಯುದಾವೇಶದಿಂದ ಕಣಗಳನ್ನು ಸೆಳೆಯುವ ಶೋಧಕದಲ್ಲಿ ಹಿಡಿದು, ಒಣದಾಗಿಯೇ ಬಲ್ಕರ್ ಎನ್ನುವ ಮುಚ್ಚಿದ ಟ್ಯಾಂಕರ್ ಲಾರಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಅದರಿಂದ ನಮಗೆ ಅಷ್ಟು ತೊಂದರೆಯಿಲ್ಲ. ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಟ್ಟ ಬೂದಿಯನ್ನು ಅಗೆದು ತೆರೆದ ಟಿಪ್ಪರ್‌ಗೆ ತುಂಬಿದಾಗ ಅದು ಹಸಿಯಾಗಿರುತ್ತದೆ, ದಾರಿಯ ಬಿಸಿಲಿಗೆ ಮೇಲ್ಪದರ ಒಣಗಿ ಗಾಳಿಗೆ ಏಳುತ್ತದೆ. ನಮ್ಮ ಮನೆಗಳಿಗೆ ಬರುತ್ತಿರುವುದು ಇದೇ ಎಂಬುದು ನನ್ನ ಅಂದಾಜು. ಬೂದಿಯನ್ನು ಪೂರ್ತಿಯಾಗಿ ಬಳಸಲೇಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರಂದು ಅಧಿಸೂಚನೆ ಹೊರಡಿಸಿರುವುದರಿಂದ ಸಾಗಾಟ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹೊಂಡದಲ್ಲೇ ಉಳಿದರೆ ಅಂತರ್ಜಲಕ್ಕೆ ಅಪಾಯ.

ಮುಖ್ಯರಸ್ತೆ, ಮೂಲೆಮನೆ: ನಿಮ್ಮ ಮಾತು ಒಪ್ಪಿದೆ ಸರ್. ರಾತ್ರಿಯೆಲ್ಲ ಮಗು ಕೆಮ್ಮುವುದನ್ನು ನೋಡಿ ಆ ಸಂಕಟದಲ್ಲಿ ಹಾಗೆ ಬರೆದೆ.

2ನೇ ಅಡ್ಡರಸ್ತೆ: ಹಾಗಾದರೆ ಮನವಿಯನ್ನು ತಿದ್ದುತ್ತೇನೆ. ತಾಡಪತ್ರಿ ಬಿಗಿದು ಕಟ್ಟದ, ಅಂಚು ಮೀರಿ ತುಂಬಿದ ಯಾವ ಟಿಪ್ಪರನ್ನೂ ರಸ್ತೆಗೆ ಬಿಡಬಾರದು, ಹೊರಡುವ ಮುನ್ನ ಚಕ್ರ ತೊಳೆಯಬೇಕು, ಶಾಲೆ ಬಿಡುವ ಹೊತ್ತಿನಲ್ಲಿ ಬಡಾವಣೆಯ ಮುಂದಿನ ಸಂಚಾರ ತಡೆಯಬೇಕು ಮತ್ತು ರಸ್ತೆಯ ಅಂಚಿನಲ್ಲಿ ಕೂತ ಬೂದಿಯನ್ನು ಗುಡಿಸದೆ ಯಂತ್ರದಿಂದ ಹೀರಿ ತೆಗೆಯಬೇಕು ಎಂದು ಕೇಳೋಣ. ಮುಚ್ಚದೆ ಓಡುವ ವಾಹನಗಳ ಫೋಟೋ, ದಿನಾಂಕ ಮತ್ತು ಸಮಯವನ್ನು ಶನಿವಾರ ಸಂಜೆಯೊಳಗೆ ನನಗೆ ಕಳಿಸಿ.